ಕೊಳಗದ ಸ್ಕೂಲು

ನಮ್ಮ ಸ್ಕೂಲಿಗೆ ಗಿರಿಜಾಂಬಾ ಪಾಠಶಾಲೆ ಅಂತ ಹೆಸರಿತ್ತು. ಬಾಗಿಲ ಮೇಲೆ ಬೋರ್ಡೂ ಇತ್ತು. ಆದ್ರೆ ಆ ಹೆಸರು ಹೇಳಿದ್ರೆ ಚಾಮರಾಜಪೇಟೆಯ ಜಟಕಾದವರು ಮುಖ ಮುಖ ನೋಡ್ತಿದ್ರು. ಕೊಳಗದ ಸ್ಕೂಲು ಅಂದ್ರೆ ಸಾಕು, ಸೀದಾ ಬಾಗಿಲಿಗೇ ತಂದು ಇಳಿಸ್ತಿದ್ರು. ನಾನು ಅಲ್ಲಿ ಆರು ವರ್ಷ ಓದಿದೆ, ಆಮೇಲೆ ಮೂವತ್ನಾಲ್ಕು ವರ್ಷ ಪಾಠ ಹೇಳಿದೆ. ಈಗ ಆ ಕಟ್ಟಡ ಇಲ್ಲ. ಆ ಕಡೆ ಹೋಗೋದಿದ್ರೆ ನಾನು ರಸ್ತೆಯ ಎದುರುಗಡೆಗೆ ದಾಟ್ಕೊಂಡು ಹೋಗ್ತೀನಿ. ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅದಕ್ಕೆ.

ಸ್ಕೂಲು ಮಾಡಿದವರು ಸಿದ್ದಬಸಪ್ಪನವರು. ಅಕ್ಕಿಪೇಟೆಯಲ್ಲಿ ಅವರದು ಅಕ್ಕಿ ಮಂಡಿ. ಹಣೆ ತುಂಬ ವಿಭೂತಿ, ಬಿಳೀ ರುಮಾಲು, ಮಾತು ಬಹಳ ಕಮ್ಮಿ. ಹೆಂಡತಿ ಗಿರಿಜಾಂಬಾ ತೀರಿಕೊಂಡಾಗ ಆಕೆಯ ಸೀರೆ ಪೆಟ್ಟಿಗೆಯ ತಳದಲ್ಲಿ ಒಂದು ಸ್ಲೇಟು ಸಿಕ್ಕಿತಂತೆ. ಐವತ್ತು ದಾಟಿದ ಹೆಂಗಸು ಯಾರಿಗೂ ಕಾಣದ ಹಾಗೆ ಅಕ್ಷರ ತಿದ್ತಿದ್ರಂತೆ. ಅದನ್ನ ನೋಡಿದ ಮೇಲೆ ಸಾಹುಕಾರ್ರು ಚಾಮರಾಜಪೇಟೆಯ ತಮ್ಮ ಮನೆಯನ್ನೇ ಸ್ಕೂಲು ಮಾಡಿ, ತಾವು ಹಿಂದಿನ ಎರಡು ಕೋಣೆಗೆ ಸರಿದ್ರು. ಇದು ನಾನು ಹುಟ್ಟಿದ ಎರಡು ಮೂರು ವರ್ಷದ ಮೇಲೆ ನಡೆದದ್ದು, ಕೇಳಿ ಗೊತ್ತು ಅಷ್ಟೆ.

ಕೊಳಗದ ವಿಷಯ ಮಾತ್ರ ಕಣ್ಣಾರೆ ಕಂಡದ್ದು. ತಿಂಗಳಿಗೆ ಒಂದು ರೂಪಾಯಿ ಫೀಸು. ತಿಂಗಳ ಮೊದಲನೇ ಸೋಮವಾರ ಪ್ರಾರ್ಥನೆ ಆದಮೇಲೆ ನಡುಮನೆಯಲ್ಲಿ ಒಂದು ದೊಡ್ಡ ಹಿತ್ತಾಳೆ ಕೊಳಗ ತಂದಿಡ್ತಿದ್ರು, ಮಂಡಿಯಲ್ಲಿ ಅಕ್ಕಿ ಅಳೀತಿದ್ದ ಕೊಳಗ. ಬಾಯಿಗೆ ಬಿಳೀ ಬಟ್ಟೆ ಬಿಗಿದು, ನಡುವೆ ಕೈ ತೂರೋಷ್ಟು ಸೀಳಿರೋರು. ಮಕ್ಕಳು ಸಾಲಾಗಿ ಬಂದು, ಮುಚ್ಚಿದ ಮುಷ್ಟಿ ಒಳಗೆ ಹಾಕಿ, ಬಿಚ್ಚಿ, ಕೈ ಹೊರಗೆ ತೆಗೀಬೇಕು. ರೂಪಾಯಿ ಇದ್ದವರು ಬಿಡ್ತಾರೆ. ಇಲ್ಲದವರು ಬರೀ ಮುಷ್ಟಿ ಬಿಚ್ಚಿ ಬರ್ತಾರೆ. ಬಿದ್ದ ಸದ್ದು ಕೇಳಬಾರದು ಅಂತ ತಳದಲ್ಲಿ ನಾಲ್ಕು ಸೇರು ಅಕ್ಕಿ ಹಾಕಿರ್ತಿದ್ರು. ಕೊಳಗದ ಪಕ್ಕ ಕೂತ ಮೇಷ್ಟ್ರು ತಲೆ ಎತ್ತದೆ, ಕೈ ಹಾಕಿದ ಪ್ರತಿ ಮಗುವಿನ ಹೆಸರಿನ ಮುಂದೆ "ಸಂದಿದೆ" ಅಂತ ಬರೀಬೇಕು. ಎಲ್ಲರ ಹೆಸರಿನ ಮುಂದೂ ಸಂದಿದೆ. ಅದು ಸಾಹುಕಾರ್ರ ಕಟ್ಟಪ್ಪಣೆ. ಬಲಗೈಲಿ ಕೊಟ್ಟದ್ದು ಎಡಗೈಗೆ ತಿಳೀಬಾರದು ಅಂತ ಎಲ್ಲರೂ ಹೇಳ್ತಾರೆ. ತಗೊಂಡದ್ದೂ ತಿಳೀಬಾರದು ಅಂತ ಯೋಚನೆ ಮಾಡಿದವರನ್ನ ನಾನು ಇವರೊಬ್ಬರನ್ನೇ ಕಂಡಿದ್ದು.

ನಮ್ಮ ಮನೆ ಅಲ್ಲಿಂದ ಎರಡು ಬೀದಿ ಆಚೆ. ಅಪ್ಪ ವರದರಾಜ ಅಯ್ಯಂಗಾರ್ರು ಅವೆನ್ಯೂ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದೋರು. ಸಂಬಳ ಮೂವತ್ತೆರಡು ರೂಪಾಯಿ. ಅದು ಹದಿನೈದನೇ ತಾರೀಕಿನವರೆಗೆ ಬಂದ್ರೆ ಪುಣ್ಯ. ಆದ್ರೆ ಮನೆಯಿಂದ ಹೊರಗೆ ಹೊರಟ್ರೆ ಮುಚ್ಚುಗೊರಳಿನ ಕೋಟು, ಜರಿ ಪೇಟ, ಹಣೆ ಮೇಲೆ ಗೆರೆ ಎಳೆದ ಹಾಗೆ ನಾಮ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ನಮ್ಮ ಬೀದಿ ಪೂರ್ತಿ ಅದೇ ಜನ. ಅಪ್ಪ ಆ ಜನಕ್ಕೆ ಯಜಮಾನರ ಹಾಗೆ ಇದ್ರು.

ವಾರಕ್ಕೊಂದು ಸಲ ಪತ್ರಿಕೆಗೆ ಕಾಗದ ಬರೀತಿದ್ರು. ಬೀದಿ ನಲ್ಲಿ, ಬೀದಿ ದೀಪ, ಬೀದಿ ನಾಯಿ, ಯಾವುದನ್ನೂ ಬಿಟ್ಟವರಲ್ಲ. ಲೆಟರ್ ಅಯ್ಯಂಗಾರ್ರು ಅಂತಲೇ ಹೆಸರಾಗಿತ್ತು. ಸಂಜೆ ಆರು ಗಂಟೆಗೆ ನಮ್ಮ ಜಗಲಿ ಮೇಲೆ ನಾಲ್ಕೈದು ಜನ ಸೇರಿ ಊರಿನ ನ್ಯಾಯವನ್ನೆಲ್ಲ ತೀರ್ಮಾನ ಮಾಡ್ತಿದ್ರು. ಅಮ್ಮ ಒಳಗಿಂದ ಕಾಫಿ ಕಳಿಸ್ತಿದ್ಲು. ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ ಘಮ ಬೀದಿ ತಿರುವಿನವರೆಗೂ ಬರ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ಕೂತು ಅವರ ಮಾತು ಕೇಳ್ತಾನೇ ದೊಡ್ಡವಳಾದೆ. ಈಗಲೂ ಸಂಜೆ ಆರಾದ್ರೆ ಕಿವಿ ಆ ದನಿಗಳನ್ನ ಹುಡುಕುತ್ತೆ.

ನಾನು ಸ್ಕೂಲಿಗೆ ಸೇರಿದ್ದು ನಲವತ್ತರಲ್ಲಿ, ಒಂಬತ್ತನೇ ವಯಸ್ಸಿಗೆ. ಅಪ್ಪ ಸಂಬಳದ ದಿನವೇ ಒಂದು ಬೆಳ್ಳಿ ರೂಪಾಯಿ ಅಮ್ಮನ ಕೈಗೆ ಕೊಟ್ಟು, "ಗೋದೂ ಫೀಸು" ಅನ್ನೋರು. ಮೊದಲನೇ ಸೋಮವಾರ ಅಮ್ಮ ನನ್ನ ಜಡೆ ಹೆಣೀತಾ, ಕಿವಿ ಹತ್ರ ಬಗ್ಗಿ ಹೇಳಿದ್ಲು.

"ಕೈ ಮುಚ್ಚಿ ಹಾಕು, ಬಿಚ್ಚಿ ತೆಗಿ. ಒಳಗೆ ಏನೂ ಬಿಡೋದು ಬೇಡ. ಅಪ್ಪನ ಮುಂದೆ ಬಾಯಿ ಬಿಡ್ಬೇಡ."

ಯಾಕೆ ಅಂತ ಕೇಳಿದೆ. ತಲೆಗೆ ಒಂದು ಮೊಟಕಿದ್ಲು. ನಮ್ಮಮ್ಮ ಚೂಡಾಮಣಿ ಅಂದ್ರೆ ಹಾಗೇ, ಉತ್ತರ ಕೊಡೋ ಅಭ್ಯಾಸ ಇಲ್ಲ. ನಾನು ಆರು ವರ್ಷ ಬರೀ ಮುಷ್ಟಿ ಹಾಕಿ, ಬರೀ ಮುಷ್ಟಿ ಬಿಚ್ಚಿದೆ. ಒಂದೊಂದು ಸಲ ಅಕ್ಕಿ ಮೇಲೆ ಬಿದ್ದ ಬೇರೆಯವರ ರೂಪಾಯಿ ಬೆರಳಿಗೆ ತಾಗಿದ್ರೆ ಮೈಯೆಲ್ಲ ಜುಮ್ ಅಂತಿತ್ತು. ನಾನೊಬ್ಬಳೇ ಕಳ್ಳಿ ಅಂದ್ಕೊಂಡಿದ್ದೆ.

ಹಾಗಲ್ಲ ಅಂತ ತಿಳಿದದ್ದು ಐವತ್ತೊಂದರಲ್ಲಿ, ಅಲ್ಲೇ ಟೀಚರಾಗಿ ಸೇರಿ, ಕೊಳಗದ ಪಕ್ಕದ ಕುರ್ಚಿ ನನ್ನ ಪಾಲಿಗೆ ಬಂದಾಗ. ಮಕ್ಕಳು ಇನ್ನೂರ ಹದಿನಾಲ್ಕು. ಮಧ್ಯಾಹ್ನ ಸಾಹುಕಾರ್ರು, ನಾನು ಕೂತು ಅಕ್ಕಿ ಕೇರಿ ದುಡ್ಡು ಆರಿಸಿದ್ರೆ ನೂರ ಮೂವತ್ತು ದಾಟ್ತಿರಲಿಲ್ಲ. ಅಂದ್ರೆ ಎಂಬತ್ತು ಬರೀ ಮುಷ್ಟಿ. ಮೇಷ್ಟ್ರ ಸಂಬಳಕ್ಕೆ ಕಮ್ಮಿ ಬಿದ್ದದ್ದನ್ನ ಸಾಹುಕಾರ್ರು ಮಂಡಿಯಿಂದ ತಂದು ತುಂಬ್ತಿದ್ರು. ಆ ದಿನ ನಾನು ಅಕ್ಕಿ ಮೊರ ಹಿಡ್ಕೊಂಡೇ ಅತ್ತೆ. ಯಾಕಮ್ಮ ಅಂದ್ರು. ಕಣ್ಣಿಗೆ ತೌಡು ಬಿತ್ತು ಅಂದೆ. ಅವರು ಮತ್ತೆ ಕೇಳಲಿಲ್ಲ.

ಇಷ್ಟು ಹೇಳಿದ್ದು ಯಾಕಂದ್ರೆ ಐವತ್ಮೂರರ ಗಲಾಟೆ ಅರ್ಥ ಆಗಲಿ ಅಂತ.

ಆ ವರ್ಷ ಊರಲ್ಲೆಲ್ಲ ಒಂದೇ ಮಾತು. ಖಾಸಗಿ ಸ್ಕೂಲುಗಳಿಗೆ ಧರ್ಮಸಂಸ್ಥೆ ಅಂತ ಕಂದಾಯ ಮಾಫಿ ಇದೆಯಲ್ಲ, ಅದು ಇರಬೇಕೋ ಬೇಡವೋ. ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ. ಬಸವನಗುಡಿ ಕಡೆ ಒಂದು ಸ್ಕೂಲಿತ್ತು, ಹೆಸರು ಬೇಡ. ಪಿಯಾನೋ ಇತ್ತು, ಮಕ್ಕಳಿಗೆ ಬೂಟು ಇತ್ತು, ಸೇರಿಸೋವಾಗ ಕಟ್ಟಡದ ಫಂಡು ಅಂತ ಐವತ್ತು ರೂಪಾಯಿ ಕೀಳ್ತಿದ್ರು. ಅದೂ ಧರ್ಮಸಂಸ್ಥೆಯೇ, ಅದಕ್ಕೂ ಕಂದಾಯ ಇಲ್ಲ. ಇಂಥದು ಕಂಡ್ರೆ ನಮ್ಮಪ್ಪ ಸುಮ್ಮನೆ ಕೂರೋ ಆಸಾಮಿಯಾ? ಜಗಲಿ ಕಾವೇರ್ತು.

"ಧರ್ಮ ಅಂದ್ಮೇಲೆ ಪುಕ್ಕಟೆ ಇರಬೇಕು, ಫೀಸು ಅಂದ್ಮೇಲೆ ಕಂದಾಯ ಕಟ್ಟಬೇಕು. ಸರ್ಕಾರಿ ಸ್ಕೂಲಿನ ಸೂರು ಸೋರ್ತಾ ಇದೆ. ಅಲ್ಲಿಗೆ ಹೋಗಬೇಕಾದ ದುಡ್ಡು ಇದು" ಅಂದ್ರು ಅಪ್ಪ.

"ಎಲ್ಲಾನೂ ಒಂದೇ ತಕ್ಕಡೀಲಿ ತೂಗಬಾರದು ಕಣಯ್ಯ" ಅಂದ್ರು ಶೀನಣ್ಣ. ಶೀನಣ್ಣ ಅಪ್ಪನ ಬಾಲ್ಯದ ಸ್ನೇಹಿತ, ಪೋಸ್ಟಾಫೀಸಿನಲ್ಲಿದ್ದವರು. ಜಗಲಿಯಲ್ಲಿ ಅಪ್ಪನಿಗೆ ಎದುರು ಮಾತಾಡೋ ಧೈರ್ಯ ಅವರೊಬ್ಬರಿಗೇ.

"ತಕ್ಕಡಿ ಇರೋದೇ ಒಂದು ಕಣೋ. ಕಾನೂನಿಗೆ ಎರಡೆರಡು ತಕ್ಕಡಿ ಇಟ್ರೆ ಅದು ಕಾನೂನಾ?"

ಅಪ್ಪ ಹೇಳಿದ್ದು ತಪ್ಪು ಅಂತ ನಾನು ಇವತ್ತಿಗೂ ಅನ್ನಲ್ಲ. ಆದ್ರೆ ಆ ವಾರದ ಕಾಗದದ ಕೊನೆಯಲ್ಲಿ ಒಂದು ಸಾಲು ಸೇರಿಸಿಬಿಟ್ರು. ಪತ್ರಿಕೆಯಲ್ಲಿ ಅಚ್ಚಾಗಿ ಬಂದದ್ದು ನನಗೆ ಬಾಯಿಪಾಠ ಇದೆ. "ನಮ್ಮ ಚಾಮರಾಜಪೇಟೆಯ ಗಿರಿಜಾಂಬಾ ಪಾಠಶಾಲೆಯೂ ಧರ್ಮಸಂಸ್ಥೆಯೆಂದೇ ಹೇಳಿಕೊಳ್ಳುತ್ತದೆ. ನಾನು ನನ್ನ ಮಗಳಿಗಾಗಿ ಅಲ್ಲಿ ಆರು ವರ್ಷ ತಿಂಗಳಿಗೊಂದು ರೂಪಾಯಿಯಂತೆ ತಪ್ಪದೆ ಫೀಸು ತೆತ್ತಿದ್ದೇನೆ. ಇದರಲ್ಲಿ ಧರ್ಮವೆಲ್ಲಿದೆ?"

ಓದಿದ ತಕ್ಷಣ ಒಳಗೆ ಓಡಿದೆ. ಅಮ್ಮನಿಗೆ ತೋರಿಸಿದೆ. ಅಮ್ಮ ಓದಿ, ಪೇಪರು ಮಡಚಿ, ಒಲೆ ಮುಂದೆ ಹೋಗಿ ಕೂತ್ಲು.

ಹತ್ತೇ ದಿನಕ್ಕೆ ಕಂದಾಯದ ಇನ್‌ಸ್ಪೆಕ್ಟರು ಸ್ಕೂಲಿಗೆ ಬಂದ್ರು. ಏಕಾಂತಯ್ಯ ಅಂತ ಹೆಸರು. ತೆಳ್ಳಗೆ, ಸೈಕಲ್ ಕ್ಲಿಪ್ಪು ಹಾಕಿದ ಪ್ಯಾಂಟು, ಜೇಬಲ್ಲಿ ಅಪ್ಪನ ಕಾಗದದ ಕತ್ತರಿಸಿದ ಚೂರು. ನಮ್ಮ ರಿಜಿಸ್ಟರು ತೆಗೆಸಿ ಎರಡು ದಿನ ನೋಡಿದ್ರು. ನೋಡ್ತಾ ನೋಡ್ತಾ ಅವರ ಮುಖ ಸಣ್ಣಗಾಯ್ತು.

"ಸಾಹುಕಾರ್ರೆ, ಇದರ ಪ್ರಕಾರ ಇನ್ನೂರ ಹದಿನಾಲ್ಕು ಮಕ್ಕಳೂ ಫೀಸು ಕೊಟ್ಟಿದಾರೆ. ಪುಕ್ಕಟೆ ಓದೋ ಮಗು ಒಂದೂ ಇಲ್ಲ. ಧರ್ಮಸಂಸ್ಥೆ ಅಂತ ಯಾವ ಬಾಯಲ್ಲಿ ಹೇಳಲಿ?"

ಏಕಾಂತಯ್ಯ ಇನ್ನೊಂದು ಹಾಳೆ ತಿರುವಿದ್ರು.

"ಅದಾದ್ರೂ ಇರಲಿ. ಇನ್ನೂರ ಹದಿನಾಲ್ಕು ಸಂದಿದೆ ಅಂತ ಬರೆದಿದೀರಿ, ಬ್ಯಾಂಕಿಗೆ ಹೋಗಿರೋದು ನೂರ ಇಪ್ಪತ್ತೆಂಟು. ಪ್ರತಿ ತಿಂಗಳೂ ಹೀಗೇ. ಉಳಿದದ್ದು ಎಲ್ಲಿ ಹೋಯ್ತು?"

ನನಗೆ ಮೂಗಿನ ತುದೀಲೇ ಕೋಪ. ಬಾಯಿ ಬಿಡೋದರಲ್ಲಿದ್ದೆ, ಸಾಹುಕಾರ್ರು ಕೈ ಎತ್ತಿ ತಡೆದ್ರು. ಹದಿನೆಂಟು ಇಪ್ಪತ್ತು ವರ್ಷ ತಮ್ಮ ಕೈಯಿಂದ ಹಾಕಿದ ಮನುಷ್ಯನಿಗೆ ಈಗ ತಿಂದ ಅನ್ನೋ ಹೆಸರು. ಅವರು ಕೊಳಗದ ಪದ್ಧತಿ ನಿಧಾನವಾಗಿ ಬಿಡಿಸಿ ಹೇಳಿದ್ರು. ಏಕಾಂತಯ್ಯ ಕೇಳಿಸ್ಕೊಂಡ್ರು. ಕೆಟ್ಟವರಲ್ಲ ಅವರು. ನಂಬಿದ್ರು ಅಂತಲೇ ನನಗೆ ಅನ್ನಿಸ್ತು.

"ಹಾಗಿದ್ರೆ ಬರೀ ಕೈ ಹಾಕಿದವರ ಪಟ್ಟಿ ಕೊಡಿ, ಮುಗೀತು."

"ಪಟ್ಟಿ ಇಲ್ಲ. ಯಾರ ಕೈಲಿ ಏನಿತ್ತು ಅಂತ ನನಗೂ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಕೊಳಗ ಇಟ್ಟಿದ್ದು."

"ನಾನೂ ನಿಮ್ಮ ಜನವೇ ಸಾಹುಕಾರ್ರೆ. ನಮ್ಮವರು ಅಂತ ಬಿಟ್ಟ ಅಂದ್ರೆ ನನ್ನ ಕೆಲಸ ಹೋಗುತ್ತೆ. ಬಾಯಿ ಮಾತು ನಡೆಯಲ್ಲ, ಸಹಿ ಬೇಕು."

ಕೊನೆಗೆ ಅವರ ಮೇಲಿನ ಸಾಹೇಬರು ಒಂದು ದಾರಿ ಕೊಟ್ರು. ಸ್ಕೂಲು ಶುರುವಾದಾಗಿನಿಂದ ಪುಕ್ಕಟೆ ಓದಿದ ಮಕ್ಕಳ ಪೈಕಿ ಎಪ್ಪತ್ತು ಜನರ ತಂದೆಯೋ ಪೋಷಕರೋ ಬಂದು ಒಂದು ಫಾರಮ್ಮಿಗೆ ಸಹಿ ಹಾಕಬೇಕು. ಮಗುವಿನ ಹೆಸರು, ಓದಿದ ವರ್ಷ, ಫೀಸು ಕೊಡದ ಕಾರಣ, ಸಹಿ. ಹದಿನೈದು ದಿನ ಗಡುವು. ಆಗದಿದ್ರೆ ಮಾಫಿ ರದ್ದು, ಹಿಂದಿನ ವರ್ಷಗಳದ್ದೂ ಸೇರಿಸಿ ಕಂದಾಯ ಕಟ್ಟಬೇಕು. ಅಷ್ಟು ಹೊತ್ತಿಗೆ ಅಕ್ಕಿಗೆ ಕಂಟ್ರೋಲು ಬಂದು, ರೇಷನ್ ಬಂದು, ಮಂಡಿ ಹೆಸರಿಗೆ ಮಾತ್ರ ಉಳಿದಿತ್ತು. ಸಾಹುಕಾರ್ರು ನಮ್ಮ ಐದು ಜನ ಟೀಚರುಗಳನ್ನ ಕರೆದು ಹೇಳಿಬಿಟ್ರು, ರದ್ದಾದ್ರೆ ಬೇಸಿಗೆ ರಜಕ್ಕೆ ಸ್ಕೂಲು ಮುಚ್ತೀನಿ, ನೀವು ಬೇರೆ ಕಡೆ ನೋಡ್ಕೊಳ್ಳಿ ಅಂತ. ಯಾರ ಮನೆಗೂ ಹೋಗಿ ಸಹಿ ಕೇಳಕೂಡದು ಅಂತಲೂ ಹೇಳಿದ್ರು.

ಯಾರು ಬರ್ತಾರೆ? ಚಾಮರಾಜಪೇಟೆಯಲ್ಲಿ ನಾನು ಬಡವ ಅಂತ ಬರೆದು ಸಹಿ ಹಾಕೋಕೆ ಯಾರು ಬರ್ತಾರೆ? ಹನ್ನೆರಡು ದಿನದಲ್ಲಿ ಬಂದವರು ಇಬ್ಬರೇ. ಒಬ್ಬಳು ಹೂ ಮಾರೋ ತಿಮ್ಮಕ್ಕ. ಬುಟ್ಟಿ ಇಳಿಸಿ ಹೆಬ್ಬೆಟ್ಟು ಒತ್ತಿ, "ಇಲ್ದಿದ್ದು ಇಲ್ಲ, ಅದಕ್ಯಾಕೆ ನಾಚ್ಕೆ" ಅಂತ ಹೋದ್ಲು. ಇನ್ನೊಬ್ಬ ಜಟಕಾ ಓಡಿಸೋನು. ಕೋಟು ಪೇಟದ ಮನೆಗಳಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಮಕ್ಕಳನ್ನ ಬಿಡೋಕೆ ಬಂದವರು ಆಫೀಸಿನ ಬಾಗಿಲ ಕಡೆ ಕಣ್ಣೂ ಹಾಯಿಸದೆ ಹೋಗ್ತಿದ್ರು. ನನಗೆ ಅವರ ಮೇಲೆಲ್ಲ ಸಿಟ್ಟು ಬಂತು. ಆಮೇಲೆ ನೆನಪಾಯ್ತು, ನಾನೂ ಬಾಯಿ ಮುಚ್ಚಿಕೊಂಡೇ ಇದೀನಿ ಅಂತ.

ಆ ಸಂಜೆ ಮನೆಗೆ ಬಂದಾಗ ಜಗಲಿ ತುಂಬಿತ್ತು. ಅಪ್ಪ ಖುಷಿಯಾಗಿದ್ರು. ತಮ್ಮ ಕಾಗದದಿಂದ ಕಂದಾಯದವರು ಎಚ್ಚೆತ್ತರು ಅಂತ ಶೀನಣ್ಣನಿಗೆ ಹೇಳ್ತಿದ್ರು.

"ನೋಡಿದ್ಯಾ, ಪಟ್ಟಿ ಕೇಳಿದ್ರೆ ಪಟ್ಟಿ ಇಲ್ಲವಂತೆ. ಧರ್ಮ ಮಾಡಿದ್ದೇ ನಿಜ ಆಗಿದ್ರೆ ಮಾಡಿಸ್ಕೊಂಡವರು ಬರಬೇಕಿತ್ತಲ್ಲ? ನನ್ನ ರೂಪಾಯಿ ತಗೊಂಡಾಗ ಸಾಹುಕಾರ್ರಿಗೆ ಧರ್ಮ ನೆನಪಿರಲಿಲ್ವಾ?"

ನಾನು ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ನಿಮ್ಮ ರೂಪಾಯಿ ಅವರು ಒಂದೂ ತಗೊಂಡಿಲ್ಲ ಅಪ್ಪ" ಅಂದೆ. "ಆರು ವರ್ಷ ನಾನು ಬರೀ ಕೈ ಹಾಕಿದೀನಿ. ಪುಕ್ಕಟೆ ಓದಿದೀನಿ."

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಒಳಗೆ ಕರೆದು ಹೇಳಬಹುದಿತ್ತು. ನಾಲ್ಕು ಜನರ ಮುಂದೆ ಹೇಳಿದೆ. ನನ್ನ ಈ ನಾಲಿಗೆಯಿಂದ ಜೀವನದಲ್ಲಿ ಬೇಕಾದಷ್ಟು ಕೆಡಿಸ್ಕೊಂಡಿದೀನಿ, ಆದ್ರೆ ಆ ದಿನದ್ದು ನೆನಪಾದ್ರೆ ಈಗಲೂ ನಿದ್ದೆ ಬರಲ್ಲ.

ಅಪ್ಪ ನನ್ನ ನೋಡಲಿಲ್ಲ. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನ ನೋಡಿದ್ರು.

"ನಾನು ಕೊಟ್ಟ ದುಡ್ಡು ಏನಾಯ್ತು?"

ಅಮ್ಮ ತಟ್ಟೆ ಕೆಳಗಿಟ್ಲು. ಸೆರಗಿಗೆ ಕೈ ಒರೆಸಿಕೊಂಡ್ಲು. "ಇದೇ" ಅಂದ್ಲು. "ಯುದ್ಧದ ಕಾಲದಲ್ಲಿ ಕಾಫಿಪುಡಿ ಬೆಲೆ ಏನಾಗಿತ್ತು ಅಂತ ನಿಮಗೇನು ಗೊತ್ತು? ನೀವು ಐದು ಜನರನ್ನ ಕೂರಿಸ್ಕೊಂಡು ಕಾಫಿ ಅಂತ ಕೂಗ್ತಿದ್ರಿ. ಇಲ್ಲ ಅಂತ ನಾನು ಯಾವ ಮುಖ ಇಟ್ಕೊಂಡು ಹೇಳಲಿ? ಆ ಸ್ಕೂಲಿನಲ್ಲಿ ಕೇಳ್ತಿರಲಿಲ್ಲ, ಕಾಫಿ ಅಂಗಡಿಯವನು ಕೇಳ್ತಿದ್ದ."

ಶೀನಣ್ಣ ತುಟಿ ಹತ್ರ ಒಯ್ದಿದ್ದ ಲೋಟ ಕೆಳಗಿಟ್ರು. ಚಪ್ಪಲಿ ಮೆಟ್ಟಿ ಹೊರಟ್ರು. ಉಳಿದವರೂ ಒಬ್ಬೊಬ್ಬರಾಗಿ ಎದ್ರು. ಅಪ್ಪ ಕತ್ತಲಾಗೋವರೆಗೆ ಜಗಲಿಯಲ್ಲೇ ಕೂತಿದ್ರು. ನಮ್ಮವರಿಗೆ ದಾನ ತಗೊಳ್ಳೋದು ಹೊಸದಲ್ಲ. ಆದ್ರೆ ಮಂತ್ರ ಹೇಳಿ ತಗೊಂಡ್ರೆ ದಕ್ಷಿಣೆ, ಸುಮ್ಮನೆ ತಗೊಂಡ್ರೆ ಭಿಕ್ಷೆ ಅಂತ ಅಪ್ಪನ ಲೆಕ್ಕ. ಆ ಲೆಕ್ಕದಲ್ಲಿ ಅವರು ಆರು ವರ್ಷ ಒಬ್ಬ ಅಕ್ಕಿ ವ್ಯಾಪಾರಿಯ ಭಿಕ್ಷೆಯ ಕಾಫಿ ಕುಡಿದು, ಕುಡಿಸಿ, ಈಗ ಅವನನ್ನೇ ಪೇಪರಿನಲ್ಲಿ ಬೈದಿದ್ರು.

ಎರಡು ದಿನ ಮಾತಿಲ್ಲ. ಬಡಿಸಿದ್ದು ಉಂಡ್ರು, ಪ್ರೆಸ್ಸಿಗೆ ಹೋದ್ರು, ಬಂದ್ರು. ಸಂಜೆ ಜಗಲಿಗೆ ಯಾರೂ ಬರಲಿಲ್ಲ. ಅಮ್ಮ ನನ್ನ ಬೈಯಲಿಲ್ಲ, ಬೈದಿದ್ರೆ ಹಗುರಾಗ್ತಿತ್ತು. ಫಾರಮ್ಮಿಗೆ ಸಹಿ ಹಾಕಿ ಅಂತ ಕೇಳೋ ಮುಖ ನನಗಿರಲಿಲ್ಲ. ಮಗಳ ಮಾತು ನಡೆಯಲ್ಲ, ಅಪ್ಪನ ಸಹಿಯೇ ಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಹೋಗಿದ್ದ ಮಾನವನ್ನ ಇನ್ನೊಂದು ಸಲ ಕಾಗದದ ಮೇಲೆ ಕಳ್ಕೊಳ್ಳಿ ಅಂತ ಹೇಗೆ ಕೇಳೋದು?

ಹದಿನೈದನೇ ದಿನ ಬೆಳಿಗ್ಗೆ ಅಪ್ಪ ಪ್ರೆಸ್ಸಿಗೆ ಹೊರಡೋ ಹೊತ್ತಿಗೆ ಹೊರಡಲಿಲ್ಲ. ಪೇಟ ಇಟ್ಕೊಂಡು, ಕೋಟಿನ ಗುಂಡಿ ಹಾಕ್ಕೊಂಡು, ನನ್ನ ಕಡೆ ನೋಡದೆ "ನಡಿ" ಅಂದ್ರು.

ದಾರಿಯುದ್ದಕ್ಕೂ ಗೊತ್ತಿರೋ ಮನೆಗಳೇ. ಎಲ್ಲಾ ಕಿಟಕಿಗಳಿಗೂ ವಿಷಯ ಗೊತ್ತಿತ್ತು. ನಾಲ್ಕು ಜನರ ಮುಂದೆ ಆಡಿದ ಮಾತು ಚಾಮರಾಜಪೇಟೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ? ಅಪ್ಪ ಗಲ್ಲಿಯಲ್ಲಿ ಹೋಗಬಹುದಿತ್ತು. ದೊಡ್ಡ ರಸ್ತೆಯಲ್ಲೇ ನಡೆದ್ರು. ನಾನು ಹಿಂದೆ ಹಿಂದೆ ಹೋದೆ. ಇವರನ್ನ ವಾಪಸು ಕರ್ಕೊಂಡು ಹೋಗಿಬಿಡೋಣ, ಸ್ಕೂಲು ಮುಚ್ಚಿದ್ರೆ ಮುಚ್ಚಲಿ ಅಂತ ಒಂದು ಕ್ಷಣ ಅನ್ನಿಸ್ತು. ಸುಳ್ಳು ಯಾಕೆ ಹೇಳಲಿ.

ಆಫೀಸಿನಲ್ಲಿ ಏಕಾಂತಯ್ಯ, ಸಾಹುಕಾರ್ರು ಇಬ್ಬರೂ ಇದ್ರು. ಮೇಜಿನ ಮೇಲೆ ಆ ಎರಡೇ ಫಾರಂ. ಅಪ್ಪನನ್ನ ನೋಡಿ ಸಾಹುಕಾರ್ರು ಎದ್ದು ನಿಂತ್ರು.

"ಅಯ್ಯಂಗಾರ್ರೆ, ನೀವು ಸಹಿ ಹಾಕಬೇಡಿ. ನಿಮ್ಮ ಹೆಸರು ಇದರಲ್ಲಿ ಬರೋದು ನನಗೆ ಇಷ್ಟ ಇಲ್ಲ. ಸ್ಕೂಲು ಹೋದ್ರೆ ಹೋಗಲಿ."

"ನನ್ನ ಹೆಸರು ಆಗಲೇ ಪೇಪರಿನಲ್ಲಿ ಬಂದಿದೆ, ಸಾಹುಕಾರ್ರೆ. ತಪ್ಪಾಗಿ ಬಂದಿದೆ. ತಪ್ಪು ತಿದ್ದೋದು ನನ್ನ ಕಸುಬು."

ಕೂತ್ರು. ಫಾರಂ ಪೂರ್ತಿ ಓದಿದ್ರು. ಮೂರನೇ ಸಾಲಿನಲ್ಲಿ ಒಂದು ಅಚ್ಚಿನ ತಪ್ಪಿತ್ತು, ಅದನ್ನ ಮೊದಲು ತಿದ್ದಿದ್ರು. ಏಕಾಂತಯ್ಯ ನಗಬೇಕೋ ಬೇಡವೋ ತಿಳೀದೆ ನನ್ನ ಮುಖ ನೋಡಿದ್ರು. ಅಪ್ಪ ನನ್ನ ಹೆಸರು ಬರೆದ್ರು, ವರ್ಷ ಬರೆದ್ರು. ಫೀಸು ಕೊಡದ ಕಾರಣ ಅನ್ನೋ ಜಾಗಕ್ಕೆ ಬಂದು ಪೆನ್ನು ನಿಂತುಹೋಯ್ತು.

ಏಕಾಂತಯ್ಯನವರು ಮೆಲ್ಲಗೆ, "ಕೌಟುಂಬಿಕ ಕಾರಣ ಅಂತ ಬರೀರಿ ಸ್ವಾಮಿ, ನಾನು ಒಪ್ಕೋತೀನಿ" ಅಂದ್ರು.

"ನನ್ನ ಹಿಂದೆ ಬರೋರು ಏನು ಬರೀಬೇಕು ಹಾಗಾದ್ರೆ?"

ಅಂದು, ದುಂಡಗೆ, ಬಿಡಿಬಿಡಿಯಾಗಿ, ಕಂಪೋಸಿಟರಿಗೆ ಬರೆದು ಕೊಡೋ ಹಾಗೆ, "ಬಡತನ" ಅಂತ ಬರೆದ್ರು. ಕೆಳಗೆ ಪೂರ್ತಿ ಸಹಿ ಹಾಕಿದ್ರು.

ಅಲ್ಲಿಗೇ ಎದ್ದು ಹೋಗಿದ್ರೆ ಮೂರೇ ಸಹಿ ಆಗ್ತಿತ್ತು. ಅಪ್ಪ ಹೋಗಲಿಲ್ಲ. ಆಫೀಸಿನ ಬೆಂಚನ್ನ ತಾವೇ ಎಳೆದು ಬೀದಿಗೆ ಕಾಣೋ ಹಾಗೆ ಮುಂಬಾಗಿಲಲ್ಲಿ ಹಾಕ್ಕೊಂಡು, ಫಾರಮ್ಮುಗಳ ಕಟ್ಟು ತೊಡೆ ಮೇಲಿಟ್ಕೊಂಡು ಕೂತ್ರು. ಅವತ್ತು ಪ್ರೆಸ್ಸಿಗೆ ರಜಾ ಹಾಕಿದ್ರು, ನನಗೆ ತಿಳಿದ ಹಾಗೆ ಮೊದಲನೇ ಸಲ. ಹತ್ತು ಗಂಟೆಗೆ ಶೀನಣ್ಣ ಬಂದ್ರು. ಅವರ ಇಬ್ಬರು ಮಕ್ಕಳೂ ಅಲ್ಲೇ ಓದಿದ್ದು. ಅಪ್ಪನ ಮುಂದೆ ನಿಂತು, "ನನಗೂ ಒಂದು ಕೊಡು ಕಣಯ್ಯ, ಎರಡು ಕೊಡು" ಅಂದ್ರು. ಅಷ್ಟು ವರ್ಷ ಒಬ್ಬರ ಪಕ್ಕ ಒಬ್ಬರು ಕೂತವರು, ಇಬ್ಬರಿಗೂ ಗೊತ್ತಿರಲಿಲ್ಲ. ಕಾರಣದ ಜಾಗದಲ್ಲಿ ಶೀನಣ್ಣ ತಡವರಿಸಿದಾಗ ಅಪ್ಪ ತಮ್ಮ ಫಾರಂ ತೆಗೆದು ತೋರಿಸಿದ್ರು.

ಆಮೇಲೆ ಬಂದ್ರು ನೋಡಿ. ಲೆಟರ್ ಅಯ್ಯಂಗಾರ್ರೇ ಬಾಗಿಲಲ್ಲಿ ಕೂತಿದಾರಂತೆ ಅನ್ನೋ ಸುದ್ದಿ ಮಧ್ಯಾಹ್ನದೊಳಗೆ ಬಸವನಗುಡಿ ಮುಟ್ಟಿತ್ತು. ಗುಮಾಸ್ತರು ಊಟದ ಬಿಡುವಿನಲ್ಲಿ ಬಂದ್ರು. ವಿಧವೆಯರು ತಲೆ ಮೇಲೆ ಸೆರಗು ಹೊದ್ದು ಬಂದ್ರು. ಪೇಟೆ ಕಡೆಯ ಅಂಗಡಿಯವರೊಬ್ಬರು ಚಿನ್ನದ ಉಂಗುರದ ಕೈಯಲ್ಲಿ ಸಹಿ ಹಾಕಿದ್ರು, ಮಗ ಓದೋವಾಗ ದಿವಾಳಿಯಾಗಿತ್ತಂತೆ. ಬರೆಯೋಕೆ ಬಾರದವರಿಗೆ ಅಪ್ಪ ಬರೆದು ಕೊಟ್ರು. ಯಾರನ್ನೂ ಏನೂ ಕೇಳಲಿಲ್ಲ. ಸಾಹುಕಾರ್ರು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಬಂದವರ ಮುಖ ನೋಡಬಾರದು ಅಂತ. ಸಂಜೆ ಐದಕ್ಕೆ ಏಕಾಂತಯ್ಯ ಎಣಿಸಿದಾಗ ಎಪ್ಪತ್ತಾರು ಆಗಿತ್ತು. ಅವರು ಎಲ್ಲವನ್ನೂ ದಾರದಲ್ಲಿ ಕಟ್ಟಿ, ಸೈಕಲ್ಲಿಗೆ ಸಿಕ್ಕಿಸಿ, ಅಪ್ಪನಿಗೆ ಕೈ ಮುಗಿದು ಹೋದ್ರು. ಸ್ಕೂಲು ಉಳೀತು.

ನಾವಿಬ್ಬರೂ ಮನೆ ಕಡೆ ಹೊರಟ್ವಿ. ಯಾರ ಮನೆಯಲ್ಲೋ ಸಂಗೀತದ ಪಾಠ ನಡೀತಿತ್ತು, ಸಂಪಿಗೆ ಮಾರೋನು ಕೂಗ್ಕೊಂಡು ಹೋಗ್ತಿದ್ದ. ಅಪ್ಪನ ಬೆರಳಿಗೆಲ್ಲ ಮಸಿ ಆಗಿತ್ತು. ನನಗೆ ಅವರ ಮೇಲೆ ಆ ಹೊತ್ತು ಎಷ್ಟು ಪ್ರೀತಿ ಬಂತು ಅಂದ್ರೆ, ಅದನ್ನ ಹೇಳೋಕೆ ಹೋಗಿ ಬಾಯಿಗೆ ಬಂದದ್ದು ಇನ್ನೊಂದು. ಕ್ಷಮಿಸಿ ಅಪ್ಪ ಅಂದೆ. ಕೇಳಿಸ್ತೋ ಇಲ್ಲವೋ. ಅವರು ಬೇರೇನೋ ಯೋಚನೆಯಲ್ಲಿದ್ರು.

"ನಿಮ್ಮಮ್ಮ ನನಗೆ ಒಂದು ಮಾತು ಹೇಳಬಹುದಿತ್ತು" ಅಂದ್ರು.

"ಹೇಳಿದ್ರೆ ನೀವು ನನ್ನ ಸ್ಕೂಲು ಬಿಡಿಸ್ತಿದ್ರಿ."

ಮೂಲೆ ತಿರುಗಿದ್ವಿ. ಮನೆ ಕಾಣಿಸ್ತು, ಅಮ್ಮ ಬಾಗಿಲಲ್ಲಿ ನಿಂತಿದ್ಲು. ಗೇಟಿಗೆ ಕೈ ಹಾಕೋ ಮೊದಲು ಅಪ್ಪ ನಿಂತ್ರು. ಮೂರು ದಿನದಲ್ಲಿ ಮೊದಲನೇ ಸಲ ನನ್ನ ಮುಖ ನೇರ ನೋಡಿದ್ರು.

"ಹೌದು" ಅಂದ್ರು. "ಬಿಡಿಸ್ತಿದ್ದೆ."